ಅವಳಿ ಮಕ್ಕಳು, ರೀಮೇಕು ಮತ್ತು ನಮ್ಮ 'ಸ್ವಮೇಕ್' ಶೂರರು

ನೇರವಾಗಿ ಹೇಳಿಬಿಡ್ತೀನಿ, ಬೇಜಾರಾದವರು ಬೈದುಕೊಳ್ಳಿ. "ಇದು ರೀಮೇಕ್ ಕಣ್ರೀ, ನೋಡಬೇಡಿ" ಅನ್ನೋದು ಸಿನೆಮಾ ವಿಮರ್ಶೆ ಅಲ್ಲ. ಇಡ್ಲಿ ಬಾಯಿಗೇ ಇಡದೆ "ಅಕ್ಕಿ ಆಂಧ್ರದ್ದಂತೆ" ಅಂತ ಮೂಗು ಮುರಿದ ಹಾಗೆ ಅದು. ಇನ್ನೊಂದು ಗುಂಪಿದೆ. "ಮನೆಮಂದಿಯೆಲ್ಲ ಕೂತು ನೋಡಬಹುದು, ಟೈಂಪಾಸ್" ಅಂದುಬಿಟ್ಟು ಕೈ ತೊಳೆದುಕೊಳ್ಳೋರು. ಇವರಿಬ್ಬರ ಮಧ್ಯೆ ಸಿಕ್ಕಿ ಹೆಚ್ಚು ಏಟು ತಿಂದಿರೋದು ಚಿಕ್ಕಂದಿನಲ್ಲಿ ಬೇರೆಯಾದ ಅವಳಿಗಳ ಕಥೆ.

ಈ ಕಥೆ ಯಾರದ್ದು ಸ್ವಾಮಿ? ಎರಡು ಸಾವಿರ ವರ್ಷಕ್ಕೂ ಹಿಂದೆ ರೋಮಿನ ಪ್ಲಾಟಸ್ ಬರೆದ. ಶೇಕ್ಸ್‌ಪಿಯರ್ ಎತ್ತಿಕೊಂಡು, ಸಾಲದು ಅಂತ ಆಳುಗಳನ್ನೂ ಅವಳಿ ಮಾಡಿದ. ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ಬಂಗಾಳಿಗೆ ತಂದು 'ಭ್ರಾಂತಿಬಿಲಾಸ್' ಅಂದರು. ಅದು 1963ರಲ್ಲಿ ಬಂಗಾಳಿ ಸಿನೆಮಾ ಆಯ್ತು. ಹಿಂದಿಯಲ್ಲಿ 1968ರಲ್ಲಿ 'ದೋ ದೂನಿ ಚಾರ್', 1982ರಲ್ಲಿ ಗುಲ್ಜಾರರ 'ಅಂಗೂರ್'. ನಮ್ಮಲ್ಲಿ 1997ರಲ್ಲಿ ಎನ್.ಎಸ್. ಶಂಕರ್ ಅವರ 'ಉಲ್ಟಾ ಪಲ್ಟಾ'. ರಮೇಶ್ ಅರವಿಂದ್ ಇದ್ದ ಆ ಸಿನೆಮಾಕ್ಕೆ ನಗದವರನ್ನ ನಾನಂತೂ ನೋಡಿಲ್ಲ. 2022ರಲ್ಲಿ ಅದೇ ಕಥೆಯ 'ಸರ್ಕಸ್' ರಣವೀರ್ ಸಿಂಗ್ ಇದ್ದೂ ನೆಲಕಚ್ಚಿತು. ಮೂಲ ಒಂದೇ, ಒಂದು ಓಡಿತು, ಒಂದು ಬಿತ್ತು. ಹಾಗಾದರೆ ತಪ್ಪು ರೀಮೇಕಿನದಾ, ಮಾಡಿದವರದಾ?

ಇನ್ನೊಂದು ತಮಾಷೆ ನೋಡಿ. ರಾಜಣ್ಣನ 'ಶಂಕರ್ ಗುರು' (1978) ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರ 'ತಿರಿಶೂಲಂ' ಆದಾಗ, ಹಿಂದಿಯಲ್ಲಿ ಅಮಿತಾಭ್ ಅವರ 'ಮಹಾನ್' (1983) ಆದಾಗ ನಾವು ಎದೆಯುಬ್ಬಿಸಿಕೊಂಡು ಓಡಾಡಿದ್ವಿ, ಈಗಲೂ ಓಡಾಡ್ತೀವಿ. ನಮ್ಮದು ಅವರು ತಗೊಂಡರೆ ಹೆಮ್ಮೆ, ಅವರದು ನಾವು ತಗೊಂಡರೆ ಕಳ್ಳತನ :-) ಯಾವ ನ್ಯಾಯ ಮಾರಾಯ್ರೇ ಇದು!

ನನ್ನ ಜಗಳ ಇರೋದು ಬೇರೆ ಕಡೆ. ನಮ್ಮವರು ರೀಮೇಕ್ ಮಾಡ್ತಾರೆ ಅಂತಲ್ಲ, ಅರ್ಧಂಬರ್ಧ ಮಾಡ್ತಾರೆ ಅಂತ.

ಎರಿಕ್ ಕೆಸ್ಟ್ನರ್ ಅನ್ನೋ ಜರ್ಮನ್ ಲೇಖಕ 1949ರಲ್ಲಿ ಮಕ್ಕಳಿಗಾಗಿ ಒಂದು ಪುಸ್ತಕ ಬರೆದ. ಅಪ್ಪ ಅಮ್ಮ ಬೇರೆಯಾಗಿ ಒಬ್ಬೊಬ್ಬ ಮಗಳನ್ನ ಹಂಚಿಕೊಂಡಿದ್ದಾರೆ. ಒಬ್ಬಳು ವಿಯೆನ್ನಾದಲ್ಲಿ, ಒಬ್ಬಳು ಮ್ಯೂನಿಕ್‌ನಲ್ಲಿ. ರಜೆಯ ಶಿಬಿರದಲ್ಲಿ ಸಿಕ್ಕಿ, ಮುಖ ಮುಖ ನೋಡಿಕೊಂಡು, ಅದಲುಬದಲಾಗಿ ಮನೆಗೆ ಹೋಗ್ತಾರೆ. ಡಿಸ್ನಿಯವರು 1961ರಲ್ಲಿ ಇದನ್ನ 'ದಿ ಪೇರೆಂಟ್ ಟ್ರ್ಯಾಪ್' ಮಾಡಿದಾಗ ಒಬ್ಬಳನ್ನ ಬಾಸ್ಟನ್‌ನಲ್ಲಿ, ಇನ್ನೊಬ್ಬಳನ್ನ ಕ್ಯಾಲಿಫೋರ್ನಿಯಾದಲ್ಲಿ ಇಟ್ಟರು. 1998ರ ರೀಮೇಕಿನಲ್ಲಿ ಒಬ್ಬಳು ಲಂಡನ್, ಒಬ್ಬಳು ಕ್ಯಾಲಿಫೋರ್ನಿಯಾ. ಲಿಂಡ್ಸೆ ಲೋಹನ್ ಎರಡು ಥರದ ಇಂಗ್ಲಿಷ್ ಮಾತಾಡ್ತಾಳಲ್ಲ, ಅರ್ಧ ನಗು ಬರೋದೇ ಅಲ್ಲಿಂದ. ಅಂದರೆ ಪ್ರತಿ ಸಲವೂ ಊರು ಬದಲಾಯ್ತು, ಮಾತು ಬದಲಾಯ್ತು.

ನಮ್ಮ ದೇಶಕ್ಕೆ ಬಂದಾಗ ಎವಿಎಂನವರು 1965ರಲ್ಲಿ ತಮಿಳಿನಲ್ಲಿ 'ಕುಳಂದೈಯುಂ ದೈವಮುಂ', 1968ರಲ್ಲಿ ಹಿಂದಿಯಲ್ಲಿ 'ದೋ ಕಲಿಯಾಂ' ಮಾಡಿದರು (ಎರಡು ಪಾತ್ರದ ಆ ಪುಟ್ಟ ಹುಡುಗಿ ಮುಂದೆ ನೀತು ಸಿಂಗ್ ಆದಳು). ಅಲ್ಲಿ ಗಂಡ ಹೆಂಡತಿ ಬೇರೆಯಾಗೋದಕ್ಕೆ ಕಾರಣ ದುಡ್ಡಿನ ಮದದ ಅತ್ತೆ, ಮನೆಯಳಿಯನಾಗಿ ಇರಲೊಪ್ಪದ ಗಂಡ. ಇದು ಬುದ್ಧಿವಂತ ಬದಲಾವಣೆ, ನಮ್ಮ ಜನಕ್ಕೆ ಥಟ್ಟನೆ ತಿಳಿಯುತ್ತೆ. ಆದರೆ ಎಲ್ಲ ಪಾಪವನ್ನೂ ಹೆಂಗಸರ ತಲೆಗೆ ಕಟ್ಟಿ ಕೊನೆಗೆ ಹೆಂಡತಿಗೆ ಬುದ್ಧಿ ಬಂತು ಅನ್ನೋದನ್ನ 'ಕುಟುಂಬ ಸಮೇತ' ನೋಡಬಹುದು ಅಂತ ಶಿಫಾರಸು ಮಾಡೋರಿಗೆ ಒಂದು ಪ್ರಶ್ನೆ: ಒಡಹುಟ್ಟಿದವಳೊಬ್ಬಳು ಇದ್ದಾಳೆ ಅನ್ನೋದನ್ನೇ ಮಗುವಿನಿಂದ ಮುಚ್ಚಿಟ್ಟ ಆ ಅಪ್ಪನಿಗೆ ಬುದ್ಧಿ ಯಾವಾಗ ಬಂತು?

ಈಗ ನಮ್ಮೂರ ಕಡೆ ಬನ್ನಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಂಗಳೂರಿನ ಸಿನೆಮಾ ಮಂದಿಗೆ ನಾವು ನಕಾಶೆಯ ಮೂಲೆ. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿ.ಮೀ., ಕಾಗವಾಡದ ಮಗ್ಗುಲಲ್ಲೇ ಮಿರಜ. 1934ರ ಮೊದಲ ಕನ್ನಡ ಟಾಕಿ 'ಸತಿ ಸುಲೋಚನಾ' ಚಿತ್ರೀಕರಣ ಆಗಿದ್ದು ಇದೇ ಕೊಲ್ಹಾಪುರದಲ್ಲಿ. ಕನ್ನಡ ಸಿನೆಮಾ ಮಾತು ಕಲಿತಿದ್ದು ನಮ್ಮ ನೆರೆಮನೆಯಲ್ಲಿ, ಆಮೇಲೆ ಈ ಕಡೆ ತಿರುಗಿಯೂ ನೋಡಲಿಲ್ಲ. ಇಲ್ಲಿಯ ಪ್ರೇಕ್ಷಕನಿಗೆ ಹಿಂದಿ ಬರುತ್ತೆ, ಮರಾಠಿ ಬರುತ್ತೆ. 'ಸೈರಾಟ್' (2016) ಹಾಡು ಬಾಯಿಪಾಠ ಆದ ಮೇಲೆ 2017ರಲ್ಲಿ 'ಮನಸು ಮಲ್ಲಿಗೆ' ಬಂದರೆ "ಮತ್ಯಾಕ ನೋಡ್ಬೇಕ್ರಿ?" ಅಂತ ಕೇಳದೆ ಇರ್ತಾರಾ? 1997ರಲ್ಲೂ ಇದೇ ಕಥೆ. ತೆಲುಗಿನ 'ಹಲೋ ಬ್ರದರ್' ಹಿಂದಿಯಲ್ಲಿ 'ಜುಡ್ವಾ' ಆಯ್ತು, ಕನ್ನಡದಲ್ಲಿ ರವಿಚಂದ್ರನ್ ಅವರ 'ಚೆಲುವ' ಆಯ್ತು. ನಮ್ಮ ಕಡೆ ಮದುವೆ ಬ್ಯಾಂಡಿನಲ್ಲಿ ಯಾವುದರ ಹಾಡು ಬಾರಿಸ್ತಿದ್ರು ಅಂತ ಹೇಳಬೇಕಾಗಿಲ್ಲ.

ರಾಯಬಾಗ ಕಡೆಯ ನನ್ನ ಅಕ್ಕನ ಮಕ್ಕಳು ಆಟದಲ್ಲಿ ಜಗಳ ಆಡೋದು ಹಿಂದಿಯಲ್ಲಿ. ಯಾಕೋ ಅಂದರೆ ಸಣ್ಣವ ಹೇಳ್ತಾನೆ, "ಮಾಮಾ, ಕನ್ನಡದಾಗ ನಗಿ ಬರಂಗಿಲ್ಲ." ಆ ಹುಡುಗ ನಕ್ಕಿದ್ದೆಲ್ಲ ಹಿಂದಿ ಕಾರ್ಟೂನಿಗೆ. ಬೋರ್ಡು, ಚಳವಳಿ, ಗಡಿ ಆಯೋಗ ಇವೆಲ್ಲದರ ಬಗ್ಗೆ ಉದ್ದುದ್ದ ಬರೆಯೋ ನಾವು ಈ ಒಂದು ಮಾತಿಗೆ ಏನು ಉತ್ತರ ಕೊಡ್ತೀವಿ?

ಡಬ್ಬಿಂಗ್ ಬೇಡ ಅಂದ್ರು. 1960ರ ದಶಕದಲ್ಲಿ ಅದಕ್ಕೆ ಅರ್ಥ ಇತ್ತು, ಆಗ ಕನ್ನಡ ಚಿತ್ರರಂಗ ಮದ್ರಾಸಿನಲ್ಲಿ ಕೂತು ಉಸಿರಾಡೋಕೆ ಒದ್ದಾಡ್ತಿತ್ತು. ಆಮೇಲಿನ ದಶಕಗಳಲ್ಲೂ ಅದೇ ಹಾಡು ಹಾಡಿದ್ರಲ್ಲ, ಅದರ ಬಿಲ್ಲು ಕಟ್ಟಿದ್ದು ಗಡಿಯ ಮಕ್ಕಳು. 2015ರಲ್ಲಿ ಸ್ಪರ್ಧಾ ಆಯೋಗ ದಂಡ ಹಾಕಿದ ಮೇಲೆ, 2017ರಲ್ಲಿ 'ಸತ್ಯದೇವ್ ಐಪಿಎಸ್' ಬಂತು. ಈಗ ಡಬ್ಬಿಂಗ್ ಇದೆ, ಆದರೆ ಹೊಡೆದಾಟದ ದೊಡ್ಡ ಸಿನೆಮಾಗಳದ್ದೇ ಭರಾಟೆ. ರೀಮೇಕ್ ಇದ್ದರೆ ಇಲ್ಲಿಯ ಕಲಾವಿದರಿಗೆ ಕೆಲಸ ಸಿಗುತ್ತೆ ಅಂತಾರೆ. ಒಪ್ಪಿದೆ. ಯಾರಿಗೆ ಕೆಲಸ? ಬೆಳಗಾವಿ ಕನ್ನಡ ಮಾತಾಡೋ ನಟ ಬಂದರೆ ಅವನಿಗೆ ಸಿಗೋದು ಆಳಿನ ಪಾತ್ರ, ಕುಡುಕನ ಪಾತ್ರ, ಇಲ್ಲಾ ಪೆದ್ದ ಪೈಲ್ವಾನನದ್ದು. ನಾವು "ಹೌದ್ರಿ" ಅಂದರೆ ಸಾಕು, ಹಿನ್ನೆಲೆಯಲ್ಲಿ ಪೀಪಿ ಊದ್ತಾರೆ!

ಅದಕ್ಕೇ ಹೇಳ್ತಿರೋದು, ಅವಳಿಗಳ ಕಥೆಯನ್ನ ಹತ್ತು ಸಲ ರೀಮೇಕ್ ಮಾಡಿ, ಆದರೆ ಪೂರ್ತಿ ಮಾಡಿ. ಕೆಸ್ಟ್ನರ್‌ಗೆ ವಿಯೆನ್ನಾ-ಮ್ಯೂನಿಕ್ ಇದ್ದ ಹಾಗೆ ನಮಗೆ ಅಥಣಿ-ಮೈಸೂರು ಇದೆ. ಒಬ್ಬಳು ಅಥಣಿಯಲ್ಲಿ ಚಪ್ಪಲಿ ಹೊಲಿಯುವವರ ಮನೆಯಲ್ಲಿ ಬೆಳೆಯಲಿ, ಅವ್ವ, ಆಯಿ ಅನ್ನಲಿ, ರೊಟ್ಟಿ ತಿಂದು ಚಾ ಕುಡೀಲಿ. ಇನ್ನೊಬ್ಬಳು ಮೈಸೂರಲ್ಲಿ ಅಮ್ಮ, ಅಜ್ಜಿ ಅನ್ಕೊಂಡು ಫಿಲ್ಟರ್ ಕಾಫಿ ಮನೆಯಲ್ಲಿ ಬೆಳೆಯಲಿ. ಇಬ್ಬರೂ ಅದಲುಬದಲಾಗಲಿ. ಮೈಸೂರಿನ ಹುಡುಗಿ ಅಥಣಿಗೆ ಬಂದು "ಊಟ ಮಾಡಿದ್ರಾ?" ಅಂದಾಗ ಆಯಿ ಹುಬ್ಬು ಗಂಟಿಕ್ಕಿ, "ಯಾಕವಾ, ಸಾಲ್ಯಾಗ ಹಿಂಗ ಕಲಿಸ್ಯಾರೇನು? ಉಂಡ್ಯಾ ಅಂತ ಕೇಳವಾ" ಅನ್ನಲಿ. ಅತ್ತ ಅಥಣಿಯ ಹುಡುಗಿ ಮೈಸೂರಿನ ಅಡುಗೆಮನೆಯಲ್ಲಿ ನಿಂತು, "ಚಾ ಇಲ್ಲೇನು?" ಅಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳಲಿ. ಪೀಪಿ ಬೇಕಿಲ್ಲ, ನಗು ತಾನಾಗೇ ಬರುತ್ತೆ, ಮತ್ತು ಈ ಸಲ ಯಾರ ಮಾತಿಗೂ ಯಾರೂ ನಗ್ತಾ ಇರಲ್ಲ, ಇಬ್ಬರ ಫಜೀತಿಗೆ ಇಬ್ಬರೂ ನಗ್ತಿರ್ತಾರೆ.

ಮೂಲ ತಮಿಳಾ, ಜರ್ಮನ್ನಾ ಅಂತ ಆಮೇಲೆ ಬೇಕಾದರೆ ಜಗಳ ಆಡೋಣ. ಆ ಸಿನೆಮಾ ಬಂದರೆ ಅಕ್ಕನ ಇಬ್ಬರೂ ಮಕ್ಕಳ ಟಿಕೆಟ್ಟಿನ ದುಡ್ಡು ನಂದು.