ಹಗಲುಬೆಳಕಿನಲ್ಲಿ ಪ್ರೊಜೆಕ್ಟರ್ ಪ್ರದರ್ಶನ

ಶಿಕಾರಿಪುರ, ಸೊರಬ ತಾಲ್ಲೂಕುಗಳ ರೈತರಿಗೆ ಬೆಳೆರೋಗಗಳ ಚಿತ್ರಗಳನ್ನು ಪ್ರೊಜೆಕ್ಟರಿನಿಂದ ತೋರಿಸುವುದು ಉಪಯುಕ್ತವಾದ ಕಾರ್ಯವೇ ಸರಿ. ಆದರೆ ಅದನ್ನು ನಡುಹಗಲಿನಲ್ಲಿ ಶಾಮಿಯಾನದ ಕೆಳಗೆ ನಡೆಸುವುದು ಶುದ್ಧ ವ್ಯರ್ಥ.

3,000 ಲ್ಯೂಮೆನ್ ಶಕ್ತಿಯ ಯಂತ್ರವು 6 ಚದರ ಮೀಟರಿನ ತೆರೆಯ ಮೇಲೆ ಬೀರುವ ಬೆಳಕು 500 ಲಕ್ಸ್ ಮಾತ್ರ. ನೇರ ಬಿಸಿಲು ಸುಮಾರು 1,00,000 ಲಕ್ಸ್. ಬಯಲಿನ ನೆರಳಿನಲ್ಲಿಯೂ ಅದು 10,000ದಷ್ಟು ಇರಬಹುದು. ಯಂತ್ರವು ಬೆಳಕನ್ನು ಬೀರಬಲ್ಲುದೇ ಹೊರತು ಕಪ್ಪನ್ನು ಬೀರಲಾರದು. ಚಿತ್ರದ ಕಪ್ಪೆಂಬುದು ಬೆಳಕು ಬೀಳದ ತೆರೆಯೇ. ಹಗಲಿನಲ್ಲಿ ಅದು ಬೆಳ್ಳಗೆಯೇ ಉಳಿಯುವುದು. ಆದುದರಿಂದ ಅಡಕೆಯ ಎಲೆಚುಕ್ಕೆ ರೋಗದ ಕಂದುಕಲೆ, ಭತ್ತದ ಬೆಂಕಿರೋಗದ ಕಣ್ಣಿನಾಕಾರದ ಮಚ್ಚೆ, ಇವೇ ಮೊದಲು ಮಾಸಿಹೋಗುವುವು. ಚುಕ್ಕೆಯನ್ನು ಕಾಣದೆ ಮನೆಗೆ ಮರಳಿದ ರೈತನು ತಪ್ಪು ಔಷಧವನ್ನು ಸಿಂಪಡಿಸಿದರೆ ನಷ್ಟವು ಅವನದೇ.

ಇಮ್ಮಡಿ ಶಕ್ತಿಯ ಯಂತ್ರವನ್ನು ಕೊಂಡರೂ 1,000 ಲಕ್ಸ್ ಆದೀತು. ಹಣ ಬಹಳ, ಫಲ ಅಲ್ಪ. ತೆರೆಯನ್ನು ಕಿರಿದುಮಾಡಿ ಸುತ್ತಲೂ ಕಪ್ಪುಬಟ್ಟೆ ಕಟ್ಟಿದರೆ ತುಸು ಮೇಲು; ಕಿಟಕಿ ಮುಚ್ಚಿದ ಶಾಲೆಯ ಕೋಣೆ ಇನ್ನೂ ಮೇಲು. ಎಲ್ಲಕ್ಕಿಂತ ಉತ್ತಮವಾದುದು ದೀಪ ಹಚ್ಚಿದ ಮೇಲಿನ ಹೊತ್ತು. ಈ ಸೀಮೆಯಲ್ಲಿ ಸೂರ್ಯಾಸ್ತವು ಡಿಸೆಂಬರಿನಲ್ಲಿ 6 ಗಂಟೆಯ, ಜೂನಿನಲ್ಲಿ 7 ಗಂಟೆಯ ಸುಮಾರಿಗೆ. ಅದಾಗಿ ಅರ್ಧ ಗಂಟೆ ಕಳೆದರೆ ಸಾಕು.

ಹಾಲು ಕರೆಯುವ ಕೆಲಸ, ಕಾಡಂಚಿನ ದಾರಿ, ಅಧಿಕಾರಿಗಳ ರಾತ್ರಿ ಪ್ರಯಾಣ, ಇವು ಅಡ್ಡಿಗಳೆಂಬುದು ನಿಜ. ಹಾಗಿದ್ದಲ್ಲಿ ಹಗಲಿನ ಸಭೆಗೆ ಯಂತ್ರವನ್ನೇ ಒಯ್ಯದೆ ರೋಗ ತಗಲಿದ ಎಲೆಯನ್ನೇ ತೋರಿಸತಕ್ಕದ್ದು. ಅದೂ ಆ ಊರಿನ ತೋಟದಲ್ಲಿಯೇ. ರೋಗದ ಎಲೆಯನ್ನು ಊರಿಂದೂರಿಗೆ ಹೊತ್ತು ತಿರುಗುವುದು ಸಲ್ಲದು.