ಮನಿನ ಸಾಲಿ ಅನ್ನೋರ ಕೂಡ ನನ್ನ ತಕರಾರು

ಜೂನ್ ತಿಂಗಳು ಹತ್ತಿರ ಬಂತಂದ್ರ ಸಾಕು, ನಮ್ಮ ಓಣಿ ಕಟ್ಟಿ ಮ್ಯಾಲೆ ಸಣ್ಣ ಹುಡುಗೂರ ಸಾಲಿ ಬಗ್ಗೆ ಮೂರು ನಮೂನಿ ಮಾತು ಶುರು ಆಗತಾವ. ಒಂದನೇದು, ‘ಕೂಸಿಗೆ ಎರಡೂವರಿ ವರ್ಷ ಆತು, ಇನ್ನೂ ವ್ಯಾನ್ ಹತ್ತಿಸಿಲ್ಲೇನು?’ ಅನ್ನೋರದು. ಎರಡನೇದು, ಬೆಂಗಳೂರು, ಪುಣೆ ಸೇರಿದ ನಮ್ಮ ಸೊಸೆಂದಿರದು: ‘ಸಾಲಿನ ಬ್ಯಾಡ್ರಿ ಅತ್ತಿ, ನಾವು ಮನ್ಯಾಗ ಕಲಸ್ತೀವಿ, ಹೋಮ್‌ಸ್ಕೂಲಿಂಗ್.’ ಮೂರನೇದು ಹಳೇದು, ಸಣ್ಣ ದನಿಯೊಳಗ ಆಡೂ ಮಾತು: ‘ಹೆಣ್ಣ ಹುಡುಗಿಗೆ ಏಳನೇತ್ತೆ ಸಾಕು ಬಿಡು, ಮುಂದಿಂದೆಲ್ಲಾ ಮನ್ಯಾಗ ಕಲೀತಾಳ.’

ಈ ಮೂರೂ ಮಂದಿ ಕೂಡ ನಂದು ಜಗಳ ಐತಿ. ನಾ ಟೀಚರ್ ಅಲ್ಲ, ಪಿಯುಸಿ ಮುಗಿಸಿ ಲಗ್ನ ಆಗಿ ಬಂದಾಕಿ. ಆದ್ರ ಮೂರು ಮಕ್ಕಳು, ಇಬ್ಬರು ಮೊಮ್ಮಕ್ಕಳು ನನ್ನ ಕೈಯಾಗ ಬೆಳದಾವ. ಹಿಂಗಾಗಿ ಬಾಯಿ ಮುಚ್ಚಿಕೊಂಡು ಕೂಡೂದಿಲ್ಲ. ನಾ ಹೇಳೂದು ಇಷ್ಟ: ಆರು ವರ್ಷದ ತನಕ ಮನಿ ಮತ್ತ ಅಂಗನವಾಡಿ ಸಾಕು. ಆರು ತುಂಬಿದ ಮ್ಯಾಲೆ ಸಾಲಿ ಬೇಕ ಬೇಕು, ಹೆಣ್ಣ ಹುಡುಗಿಗಂತೂ ಎರಡು ಪಟ್ಟು ಬೇಕು.

ಮೊದಲ ವ್ಯಾನಿನವರ ಸುದ್ದಿ ಮುಗಸ್ತೀನಿ. ಮುಂಜಾನೆ ಎಂಟಕ್ಕ ನಿದ್ದಿಗಣ್ಣಾಗ ಇದ್ದ ಕೂಸಿಗೆ ಟೈ ಕಟ್ಟತಾರ, ಬೂಟು ಹಾಕತಾರ. ‘ಒಂದಕ್ಕ ಬಂದೈತಿ’ ಅಂತ ಹೇಳಲಾಕ ಬಾಯಿ ಬರದ ಕೂಸಿಗೆ ಇಂಗ್ಲಿಷ್‌ನಾಗ ಕೇಳಬೇಕು ಅಂತಾರ. ಯಾಕವ್ವಾ ಇಷ್ಟು ಅವಸರ ಅಂದ್ರ, ‘ಹಿಂದ ಬೀಳತೈತಿ’ ಅಂತಾರ. ಯಾರ ಹಿಂದ? 2022ರ ಜುಲೈದಾಗ ನಮ್ಮ ಸರಕಾರ, ಒಂದನೇತ್ತೆಗೆ ಸೇರಬೇಕಾದ್ರ ಜೂನ್ 1ಕ್ಕ ಆರು ವರ್ಷ ತುಂಬಿರಬೇಕು ಅಂತ ಆದೇಶ ಹೊರಡಿಸ್ತು. ಆದ್ರ ಅಷ್ಟೊತ್ತಿಗೆ ಎಳೇ ವಯಸ್ಸಿನಾಗ ಎಲ್‌ಕೆಜಿಗೆ ಹಾಕಿದ ಹುಡುಗೂರ ಪಾಳಿ ಉದ್ದ ಆಗಿತ್ತು. ತಂದಿ-ತಾಯಿ ಗದ್ದಲ ಮಾಡಿದ್ರು, ಜಾರಿ ಮುಂದಕ್ಕ ಹೋತು. ಕಡೀಕ 2025-26ಕ್ಕ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳು ಆದ್ರೂ ನಡೀತೈತಿ ಅಂತ ರಿಯಾಯಿತಿ ಕೊಟ್ರು. ನೋಡ್ರಿ, ಎರಡೂವರಿಗೆ ಹಾಕಿದ್ದು ಯಾರು, ಆಮ್ಯಾಲೆ ‘ನಮ್ಮ ಕೂಸಿನ ವರ್ಷ ಹಾಳಾತು’ ಅಂತ ಅತ್ತವರು ಯಾರು? ಹಾಳಾಗಿದ್ದು ವರ್ಷ ಅಲ್ಲ, ಫೀ ಕಟ್ಟಿದ ರೊಕ್ಕ.

ಈಗ ಸೊಸೆಂದಿರ ಕಡೆ ಬರ್ತೀನಿ. ನಮ್ಮ ನೆಗೆಣ್ಣಿ ಸೊಸಿ ಪುಣೆದಾಗ ಇರತಾಳ. ಶಾಣ್ಯಾಕಿ, ನನಗ ಭಾಳ ಬೇಕಾದಾಕಿ. ಅಕಿ ಮಗಳಿಗೆ ನಾಕು ವರ್ಷ. ಹೋದ ಸಲ ಬಂದಾಗ ಈ ಮನಿ-ಸಾಲಿ ಒಳಗ ಎಷ್ಟು ಮತ ಅದಾವ ಅಂತ ನನಗ ಬಿಡಿಸಿ ಹೇಳಿದಳು. ನಮ್ಮ ಮಠಗಳು ಕಡಿಮಿ ಅನ್ನಬೇಕು, ಅಷ್ಟು ಅದಾವ. ಒಂದು, ಸಾಲಿನ ಹಂಗ ವೇಳಾಪಟ್ಟಿ ಹಾಕಿ ವರ್ಕ್‌ಶೀಟ್ ಬರಸೂದು. ಇನ್ನೊಂದು ಮಾಂಟೆಸರಿ: ಕಟ್ಟಗಿ ಸಾಮಾನು, ಕೂಸು ತಾನ ಮಾಡಿ ತಾನ ಕಲಿಯೂದು. ಮತ್ತೊಂದು ಷಾರ್ಲೆಟ್ ಮೇಸನ್ ಅನ್ನೋ ಇಂಗ್ಲೆಂಡಿನ ಬಾಯಿಯದು. ಚಲೋ ಕಥಿ ಪುಸ್ತಕ ಓದಿ ಹೇಳೂದು, ಗಿಡ-ಪಕ್ಷಿ ನೋಡೂದು. ಕಡೀದು ಅನ್‌ಸ್ಕೂಲಿಂಗ್, ಅಮೆರಿಕಾದ ಜಾನ್ ಹೋಲ್ಟ್ ಅನ್ನೋರು ಹೇಳಿದ್ದಂತ, ಏನೂ ಕಲಿಸಬ್ಯಾಡ್ರಿ, ಕೂಸಿಗೆ ಬೇಕಾದ್ದು ಬೇಕಾದಾಗ ತಾನ ಕಲೀತೈತಿ ಅಂತ.

ಇವರೊಳಗ ನನಗ ಸರಿ ಕಂಡಾಕಿ ಆ ಮೇಸನ್ ಬಾಯಿ. ಯಾಕಂದ್ರ ಆರು ವರ್ಷದ ಒಳಗ ಪಾಠ ಹೇಳಬ್ಯಾಡ್ರಿ, ಹೊರಗ ಬಿಡ್ರಿ ಅಂತ ಆಕಿ ಹೇಳ್ಯಾಳಂತ, ಅದೂ ನೂರು ವರ್ಷದ ಹಿಂದ. ನಮ್ಮ ಅತ್ತಿಯವರು ಪುಸ್ತಕಾ ಓದದ ಅದನ್ನ ಹೇಳತಿದ್ರು, ಆ ಮಾತು ಬ್ಯಾರೆ.

ಮಾಂಟೆಸರಿಗೆ ನನ್ನ ವಿರೋಧ ಇಲ್ಲ, ಅದರ ಹೆಸರಿನಾಗ ಮಾರೂ ಸಾಮಾನಿಗೆ ಐತಿ. ಸೊಸಿ ಒಂದು ಕಟ್ಟಗಿ ಡಬ್ಬಿ ತರಿಸ್ಯಾಳ. ಅದರಾಗ ಎರಡು ಸಣ್ಣ ಬಟ್ಟಲ, ಒಂದು ಚಮಚ. ಒಂದರಾಗಿನ ಕಾಳು ಇನ್ನೊಂದಕ್ಕ ಹಾಕಬೇಕು, ಬಟ್ಟು ಬಲಾ ಆಗತಾವಂತ. ಅದರ ರೇಟ್ ಕೇಳಿ ನಾ ಗೋಡಿಗೆ ಆತು ಕುಂತೆ. ಅಲ್ಲವ್ವಾ, ನಮ್ಮ ಪಡಸಾಲ್ಯಾಗ ಶೇಂಗಾ ಚೀಲ ಐತಿ, ಮರ ಐತಿ, ಸೇರು, ಪಾವು ಐತಿ. ಆ ಕೂಸು ಇಲ್ಲಿ ಇದ್ದ ಎಂಟು ದಿವಸದಾಗ ಶೇಂಗಾ ಸುಲದಳು, ಕಾಳಿನ್ಯಾಗಿನ ಹಳ್ಳು ಆರಿಸಿದಳು, ಮೆಂತ್ಯೆ ಸೊಪ್ಪು ಬಿಡಿಸಿದಳು, ಊಟಕ್ಕ ಕುಂತವರ ತಲಿ ಎಣಿಸಿ ರೊಟ್ಟಿ ಹಂಚಿದಳು. ಆರು ಮಂದಿಗೆ ಎರಡೆರಡು, ಅಜ್ಜಗ ಒಂದೂವರಿ. ಲೆಕ್ಕ ಅಂದ್ರ ಮತ್ತೇನು?

ಮಾಂಟೆಸರಿ ಬಾಯಿ ಸಹಿತ ಶುರು ಮಾಡಿದ್ದು 1907ರಾಗ ರೋಮ್ ಊರಿನ ಬಡವರ ವಾಡೆದಾಗ. ಹಗಲೆಲ್ಲಾ ದುಡಿಯಾಕ ಹೋಗೂ ತಾಯಂದಿರ ಮಕ್ಕಳು ಅವು. ಆಕಿ 1939ರಾಗ ಮದ್ರಾಸಿಗೆ ಬಂದಳು, ಮಹಾಯುದ್ಧದ ವರ್ಷಗಳೆಲ್ಲಾ ನಮ್ಮ ದೇಶದಾಗ ಕಳದಳು. ಆದ್ರ ಅದನ್ನ ಹಳ್ಳಿ ಅಂಗಳಕ್ಕ ಇಳಿಸಿದಾಕಿ ನಮ್ಮ ಬಾಜೂಕಿನ ಮಹಾರಾಷ್ಟ್ರದ ತಾರಾಬಾಯಿ ಮೋಡಕ್. 1945ರಾಗ ಬೋರ್ಡಿ ಅನ್ನೋ ಊರಾಗ ಸಣ್ಣ ಮಕ್ಕಳ ಕೇಂದ್ರ ಕಟ್ಟಿದಳು. ವಾರಲಿ ಆದಿವಾಸಿ ಮಕ್ಕಳು ಸಾಲಿಗೆ ಬರಲಿಲ್ಲ ಅಂದ್ರ ಸಾಲಿನ ಅವರ ಅಂಗಳಕ್ಕ ಒಯ್ದಳು. ಪರದೇಶದ ಸಾಮಾನು ಬಿಟ್ಟು ಹಳ್ಳು, ಎಲಿ, ಕಾಳು, ಮಣ್ಣಿನಿಂದ ಕಲಸಿದಳು. ಅಂಗನವಾಡಿ ಅನ್ನೋ ಹೆಸರು ಬಂದಿದ್ದ ಆ ಅಂಗಳದಿಂದ. ಹಿಂಗಿದ್ದಾಗ ಪುಣೆದಾಗ ಕುಂತು ಕಟ್ಟಗಿ ಡಬ್ಬಿಗೆ ರೊಕ್ಕ ಸುರಿಯೋದು ನನಗಂತೂ ಪಟಾಯಿಸೂದಿಲ್ಲ.

ವರ್ಕ್‌ಶೀಟಿನವರು ಎಲ್ಲಾರಕಿಂತ ಕೆಟ್ಟ. ಮೂರು ವರ್ಷದ ಬಟ್ಟು ಪೆನ್ಸಿಲ್ ಹಿಡಿಯೂ ಬಟ್ಟಲ್ಲ. ಕಾರಹುಣ್ಣಿಮಿ ಆದ ಮ್ಯಾಲೆ ಮಣ್ಣೆತ್ತಿನ ಅಮಾಸಿ ಬರತೈತಿ. ಅವತ್ತು ಕೂಸಿನ ಮುಂದ ಹಸಿ ಮಣ್ಣು ಇಡ್ರಿ. ಎತ್ತಿನ ಹಿಣಿಲು ಎತ್ತಬೇಕು, ಕೊಂಬು ತಿದ್ದಬೇಕು, ನಾಕೂ ಕಾಲು ಸಮ ಬರಬೇಕು, ಇಲ್ಲಂದ್ರ ಎತ್ತು ಬೀಳತೈತಿ. ಬಿತ್ತಂದ್ರ ಯಾರೂ ಬೈಯೂದಿಲ್ಲ, ಕೆಂಪು ಗೆರಿ ಹೊಡಿಯೂದಿಲ್ಲ, ಕೂಸು ಮತ್ತ ಮಾಡತೈತಿ. ಆಷಾಢದ ಮಂಗಳವಾರ ಗುಳ್ಳವ್ವನ ಮಾಡಿ ಕುಸುಬಿ, ಗುಲಗಂಜಿ ಹಚ್ಚೂದು ಹಂಗ. ರಂಗೋಲಿ ಚುಕ್ಕಿ ಸಾಲು ತಪ್ಪದಂಗ ಇಡೂ ಕೈಗೆ ‘ಅ’ ಬರಿಯೂದು ಏನ್ ದೊಡ್ಡದು? ಗುಳೇದಗುಡ್ಡದಾಗ ಖಣ ನೇಯೂ ಮನ್ಯಾಗಿನ ಐದು ವರ್ಷದ ಕೂಸು ಯಾವ ಬಣ್ಣದ ನೂಲು ಯಾವುದರ ಬಾಜೂಕ ಬರತೈತಿ ಅಂತ ನೋಡಿ ನೋಡಿ ಹೇಳತೈತಿ. (ನೋಡೂದು ಅಂದೀನಿ, ದಿನಾ ಕಂಡಿಕಿ ಸುತ್ತಿಸಿ ದುಡಸೂದು ಅಂದಿಲ್ಲ. ಅದು ಕಲಿಕಿ ಅಲ್ಲ, ಕೂಲಿ.)

ಮೊಬೈಲ್ ಕೈಯಾಗ ಕೊಟ್ಟು ‘ಆ್ಯಪ್‌ನಾಗ ಕಲೀತಾನ’ ಅನ್ನೋರಿಗೆ ನನ್ನ ಹತ್ರ ಮಾತಿಲ್ಲ.

ಇನ್ನ ಮಾತು. ನಾಕು ವರ್ಷದ ಕೂಸಿಗೆ ಮೊದಲ ಬೇಕಾದ್ದು ಮಾತು. ‘ಬೇಬಿ ಕಮ್, ವಾಟರ್ ಕುಡಿ’ ಅನ್ನೂದು ಕನ್ನಡನೂ ಅಲ್ಲ, ಇಂಗ್ಲಿಷೂ ಅಲ್ಲ. ಅಜ್ಜಿ ಒಗಟ ಹಾಕತಾಳ, ಕೂಸು ಉತ್ತರ ಹುಡಕತೈತಿ. ಕಥಿಯೊಳಗ ರಾಜನ ಮೂರನೇ ಮಗ ಎತ್ತಾಗ ಹೋದ ಅಂತ ನೆನಪಿಟ್ಟು ನಾಳೆ ಕೇಳತೈತಿ. ನಮ್ಮ ಮಾತಿನ್ಯಾಗ ವಿಚಾರ ಮಾಡಲಾಕ ಬಂತಂದ್ರ ಮುಂದ ಯಾವ ಭಾಷಾನೂ ಹಿಡೀತಾವ.

ಇಷ್ಟಕ್ಕೆಲ್ಲಾ ಸೊಸಿ ಹೂಂ ಅಂದಳು. ‘ಹಂಗಾದ್ರ ಅತ್ತಿ, ಮುಂದನೂ ಹಿಂಗ ಕಲಸ್ತೀನಿ, ಸಾಲಿ ಯಾಕ ಬೇಕು?’ ಅಂದಳು. ಅಲ್ಲೆ ನಮ್ಮಿಬ್ಬರಿಗೂ ಹತ್ತಿತು.

ಮೊದಲನೇ ಮಾತು, ಕಲಸೋರು ಯಾರು? ಅಕಿ ಬ್ಯಾಂಕಿನ ನೌಕರಿ ಬಿಟ್ಟಾಳ, ಗಂಡ ಬಿಟ್ಟಿಲ್ಲ. ಪುಸ್ತಕದಾಗ ‘ಪಾಲಕರು’ ಅಂತ ಇರತೈತಿ, ಮನ್ಯಾಗ ಅದು ಅವ್ವ ಅಂತ ಆಗತೈತಿ. ಒಬ್ಬಾಕಿ ಅವ್ವ ಅಡಗಿನೂ ಮಾಡಿ, ಮಾಸ್ತರಕಿನೂ ಮಾಡಿ, ಕೂಸು ಕಲಿಯಲಿಲ್ಲಂದ್ರ ಬೈಸಿಕೊಳ್ಳೂದೂ ತಾನ. ಹನ್ನೆರಡು ವರ್ಷ ಇದನ್ನ ಯಾರು ಎಳೀತಾರ?

ಎರಡನೇ ಮಾತು, ಇದನ್ನ ನಾವು ಒಮ್ಮೆ ಮಾಡಿ ನೋಡೀವಿ. 2020ರ ಮಾರ್ಚ್‌ದಾಗ ಕರೋನಾಕ್ಕ ಸಾಲಿ ಮುಚ್ಚಿದ್ವು. ಆಗಸ್ಟ್‌ದಾಗ ವಿದ್ಯಾಗಮ ಅಂತ ಮಾಸ್ತರು ಗುಡಿ ಕಟ್ಟಿ, ಗಿಡದ ಬುಡಕ ಬಂದು ಕಲಸಿದ್ರು, ಅಕ್ಟೋಬರ್‌ದಾಗ ಅದೂ ನಿಂತು ಹೋತು. ಒಂದರಿಂದ ಐದನೇತ್ತೆ ಸಣ್ಣವು ಮತ್ತ ಸಾಲಿ ಬಾಗಲಾ ಕಂಡಿದ್ದು 2021ರ ಅಕ್ಟೋಬರ್ 25ಕ್ಕ. ಒಂದೂವರಿ ವರ್ಷದ ಮ್ಯಾಲೆ ಇಡೀ ಕರ್ನಾಟಕಾನ ಹೋಮ್‌ಸ್ಕೂಲಿಂಗ್ ಮಾಡೇತಿ! ನಮ್ಮ ಓಣ್ಯಾಗ ಏನ್ ಆತು ಅಂತ ನೆನಸ್ರಿ. ಮೂರು-ನಾಕು ವರ್ಷದವು ಅಜ್ಜಿ ಬೆನ್ನು ಹತ್ತಿ ಮಾತು, ಹಾಡು, ಆಟ ಎಲ್ಲಾ ಕಲತು ಚಲೋನ ಆದ್ವು. ಮೂರನೇತ್ತೆ, ನಾಕನೇತ್ತೆದವು ಮಾತ್ರ ಒತ್ತಕ್ಷರ ಮರತು ಕುಂತ್ವು, ಕಳಿಯೂ ಲೆಕ್ಕ ಮರತ್ವು. ಪ್ರತಿ ಮನ್ಯಾಗ ಅವ್ವ ಇದ್ಲು, ಪ್ರೀತಿ ಇತ್ತು. ಆದ್ರ ಅಕ್ಷರ ದಾಟಿಸೋದು ಒಂದು ಕಸುಬು, ಅದು ಪ್ರೀತಿಯಿಂದ ಅಷ್ಟ ಆಗೂದಿಲ್ಲ. ಆಮ್ಯಾಲೆ 2022-23ರಾಗ ‘ಕಲಿಕಾ ಚೇತರಿಕೆ’ ಅಂತ ಸರಕಾರ ವರ್ಷಾನುಗಟ್ಟಲೆ ಅದನ್ನ ತುಂಬಿ ಕೊಡಬೇಕಾತು.

ಈಗ ಮೂರನೇ ಮಂದಿಗೆ ಬರ್ತೀನಿ, ನನ್ನ ಸಿಟ್ಟೆಲ್ಲಾ ಇಲ್ಲೆ ಐತಿ.

ನಮ್ಮ ಅಕ್ಕ ಎರಡನೇತ್ತೆ ಓದಿದಾಕಿ. ತಮ್ಮಗೋಳನ್ನ ಆಡಸಲಾಕ ಮನ್ಯಾಗ ಬೇಕಾದಳು, ‘ಹೆಣ್ಣು ಮನ್ಯಾಗ ಕಲೀತೈತಿ’ ಅಂದ್ರು, ಪಾಟಿ ಮೂಲಿಗೆ ಹೋತು. ಅಕಿ ಕಲಿಯಲಿಲ್ಲ ಅಂತ ಯಾರೂ ಅನ್ನೂದಿಲ್ಲ. ಬೀಸೂ ಕಲ್ಲಿನ ಹಾಡು ರಾತ್ರಿಯೆಲ್ಲಾ ಹಾಡತಾಳ. ಜ್ವಾಳದ ರಾಶಿ ಕಣ್ಣಿಲೇ ನೋಡಿ ಎಷ್ಟು ಚೀಲ ಅಂತ ಹೇಳತಾಳ, ಒಂದು ಸೇರು ಫರಕು ಬರೂದಿಲ್ಲ. ಆದ್ರ ಹೊಲದ ಉತಾರದಾಗ ಯಾರ ಹೆಸರು ಐತಿ ಅಂತ ಅಕಿಗೆ ಓದಲಾಕ ಬರಲಿಲ್ಲ. ಹೆಬ್ಬಟ್ಟು ಒತ್ತಂದಲ್ಲಿ ಒತ್ತಿದಳು. ಒತ್ತಿದ್ದು ಏನಂತ ಗೊತ್ತಾಗೂದರಾಗ ಎರಡು ಎಕರೆ ಹೋಗಿತ್ತು. ಈಗ ಗೃಹಲಕ್ಷ್ಮಿ 2000 ರೂಪಾಯಿ ಬಂತೋ ಇಲ್ಲೋ ಅಂತ ಮೆಸೇಜ್ ಓದಿಸಲಾಕ ಮೊಮ್ಮಗನ ಹಿಂದ ಅಡ್ಡಾಡತಾಳ. ಬಸ್ಸು ಹೆಂಗಸರಿಗೆ ಪುಕ್ಕಟ ಐತಿ, ಬೋರ್ಡ್ ಓದಿ ಹತ್ತಬೇಕಲ್ಲ!

ಹಿಂಗಾಗಿ ಯಾರರೆ ಸುಶಿಕ್ಷಿತರು ಕುಂತು ‘ಸಾಲಿ ಅನ್ನೂದ ಒಂದು ಜೈಲು, ಮಕ್ಕಳು ಮನ್ಯಾಗ ತಾವ ಕಲೀತಾರ’ ಅಂದ್ರ ನನ್ನ ಹೊಟ್ಟಿ ಉರೀತೈತಿ. ನಿಮ್ಮ ಮಗಳು ಸಾಲಿಗೆ ಹೋಗಲಿಲ್ಲಂದ್ರ ಮನ್ಯಾಗ ನಾಕು ಕಪಾಟು ಪುಸ್ತಕ ಅದಾವ, ಡಿಗ್ರಿ ಆದ ಅವ್ವ ಅದಾಳ, ಮುಂದ ಮುಕ್ತ ಶಾಲೆಯಿಂದ ಪರೀಕ್ಷಾ ಕಟ್ಟತೀರಿ. ಆದ್ರ ನಿಮ್ಮ ಮಾತು ಗಾಳಿಗೆ ಹಾರಿ ಇಲ್ಲಿಗೆ ಬರತೈತಿ. ಇಲ್ಲಿ ಅದನ್ನ ಕೇಳಿದ ಅಪ್ಪ ಅಂತಾನ, ‘ನೋಡ್ರಿ, ಪ್ಯಾಟಿ ಮಂದಿನ ಸಾಲಿ ಬಿಡಸ್ತಾರ.’ ಬಿಡಸೂದು ಮಗನ್ನ ಅಲ್ಲ.

ಸಾಲಿ ಅಂದ್ರ ಬರೇ ಪಾಠ ಅಲ್ರಿ. ಹಾಜರಿ ಪುಸ್ತಕದಾಗ ಹೆಸರು ಇರೂದು. ಹುಡುಗಿ ಎಂಟು ದಿವಸ ಬರಲಿಲ್ಲಂದ್ರ ಟೀಚರ್ ಮನಿಗೆ ಬಂದು ಕೇಳತಾಳ, ‘ಎಲ್ಲಿ ಹೋದ್ಲು?’ ಅಂತ. ದಾಖಲಾತಿಯೊಳಗ ಹುಟ್ಟಿದ ತಾರೀಕು ಇರತೈತಿ. ನಾಳೆ ಹದಿನಾರಕ್ಕ ಲಗ್ನದ ಮಾತು ಎತ್ತಿದ್ರ ‘ಇಕಿಗೆ ಹದಿನೆಂಟು ತುಂಬಿಲ್ಲ’ ಅಂತ ತೋರಸಲಾಕ ಆ ಕಾಗದ ಆಗತೈತಿ. ಮನ್ಯಾಗ ಕಲಿಯೂ ಹುಡುಗಿ ಮನ್ಯಾಗಿಂದ ಕಾಣದಂಗಾದ್ರ ಯಾರು ಕೇಳೋರು? 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಕು ವರ್ಷದ ಎಲ್ಲಾ ಮಕ್ಕಳಿಗೆ ಶಿಕ್ಷಣ ಹಕ್ಕು ಅಂತ ಕಾಯಿದೆ ಐತಿ. ಆ ಹಕ್ಕು ಕೂಸಿಂದು. ಅಪ್ಪಂದಲ್ಲ, ಅಜ್ಜಿದಲ್ಲ, ಪುಣೆ ಸೊಸಿದೂ ಅಲ್ಲ.

ಸರಕಾರಿ ಸಾಲಿ ಎಲ್ಲಾ ಸ್ವರ್ಗ ಅಂತ ನಾ ಅನ್ನೂದಿಲ್ಲ. ಮಾಸ್ತರು ಕಡಿಮಿ ಇದ್ದಲ್ಲಿ ಕಡಿಮಿ ಅದಾರ, ಹುಡುಗ್ಯಾರಿಗೆ ಪಾಯಖಾನಿ ಸರಿ ಇಲ್ಲದ್ದೂ ಐತಿ. ಆದ್ರ ಸಾಲಿ ಸರಿ ಇಲ್ಲಂದ್ರ ಹೋಗಿ ಕೇಳೋಣು, ಎಸ್‌ಡಿಎಂಸಿ ಒಳಗ ನಾವೂ ಕೂಡೋಣು. ಒಂದನೇತ್ತೆದಾಗ ನಲಿ-ಕಲಿ ಐತಿ; 1995ರಾಗ ಹೆಗ್ಗಡದೇವನಕೋಟಿ ತಾಲೂಕಿನಾಗ ಮಾಸ್ತರುಗಳ ಕೂಡಿ ಶುರು ಮಾಡಿದ್ದು. ಹಾಡು, ಕಾರ್ಡು, ಗುಂಪಿನ ಆಟ. ಪುಣೆ ಡಬ್ಬಿಯೊಳಗ ಇದ್ದದ್ದು ಅದರಾಗೂ ಐತಿ, ಪುಕ್ಕಟ ಐತಿ.

ಅಂಗನವಾಡಿಗೆ ಮೂಗು ಮುರಿಯೋರಿಗೂ ಒಂದು ಮಾತು. ‘ಅಲ್ಲೇನ್ ಕಲಸ್ತಾರ್ರೀ, ಬರೇ ಹಾಡು, ಆಟ, ಊಟ’ ಅಂತೀರಲ್ಲ, ನಾಕು ವರ್ಷದ ಕೂಸಿಗೆ ಮತ್ತೇನ್ ಬೇಕು? ಮನ್ಯಾಗ ಒಂದ ಕೂಸು ಇರತೈತಿ, ಅಲ್ಲಿ ಇಪ್ಪತ್ತು ಇರತಾವ. ಪಾಳಿ ಹಚ್ಚೂದು, ಕಚ್ಚದ ಜಗಳಾಡೂದು, ತನ್ನ ತಾಟು ತಾನ ತೊಳಿಯೂದು ಒಂದ ಕೂಸಿದ್ದ ಮನ್ಯಾಗ ಬರೂದಿಲ್ಲ. 1975ರ ಅಕ್ಟೋಬರ್ 2ಕ್ಕ ಇಡೀ ದೇಶದಾಗ 33 ಕಡೆ ಈ ಯೋಜನಾ ಶುರು ಆದಾಗ ನಮ್ಮ ರಾಜ್ಯದ ಟಿ. ನರಸೀಪುರನೂ ಒಂದಾಗಿತ್ತು. ಕಾರ್ಯಕರ್ತಿಗೆ ಸರ್ವೇ ಕೆಲಸ, ಚುನಾವಣಾ ಕೆಲಸ ಹೇರಿ ಹೇರಿ ಮಕ್ಕಳ ಕೂಡ ಕೂಡಲಾಕ ವ್ಯಾಳೆ ಬಿಡೂದಿಲ್ಲ. ಬೈಯೂದಿದ್ರ ಅದನ್ನ ಬೈರಿ, ನಾನೂ ದನಿ ಕೂಡಸ್ತೀನಿ.

ಸೊಸಿ ಇದನ್ನ ಓದತಾಳ ಅಂತ ನನಗ ಗೊತ್ತೈತಿ. ನಿನಗ ಇನ್ನೂ ಎರಡು ವರ್ಷ ಟೈಮ್ ಐತಿ ಯವ್ವಾ, ಜಗಳ ಮುಂದುವರಸೋಣು. ಬನಶಂಕರಿ ಜಾತ್ರಿಗೆ ಬಾ.

ನಮ್ಮ ಓಣಿದು ಮಾತ್ರ ಎರಡು ವರ್ಷ ತಡಿಯೂ ಮಾತಲ್ಲ. ಏಳನೇತ್ತೆ ಮುಗಿಸಿದ ಎರಡು ಹುಡುಗ್ಯಾರು ಈ ಸಲ ಎಂಟನೇತ್ತೆಗೆ ಹೆಸರು ಹಚ್ಚಿಲ್ಲ. ಒಬ್ಬಾಕಿ ತಮ್ಮನ್ನ ಆಡಸ್ತಾಳ, ಇನ್ನೊಬ್ಬಾಕಿ ‘ಮನ್ಯಾಗ ಹೊಲಿಗಿ ಕಲಿಯಾಕತ್ಯಾಳ’. ಮನಿ ಯಾವುವು ಅಂತ ನಿಮಗೂ ಗೊತ್ತೈತಿ, ಇಲ್ಲಿ ಬರಿಯೂದಿಲ್ಲ. ಸೋಮವಾರ ಸಂಜಿಕೆ ಸಾಲಿ ಅಕ್ಕಾರನ್ನ ಕರಕೊಂಡು ಆ ಮನಿಗೆ ಹೋಗಾಕಿ ಅದೀನಿ. ಮಾತಿಗೆ ಬಗ್ಗಲಿಲ್ಲಂದ್ರ ಮಕ್ಕಳ ಸಹಾಯವಾಣಿ 1098 ಐತಿ. ಒಬ್ಬಾಕಿ ಹೋದ್ರ ‘ಇಕಿಗೇನ್ ಬಂತು’ ಅಂತಾರ, ಐದು ಮಂದಿ ಹೋದ್ರ ಚಾ ಇಡತಾರ. ಯಾರು ಬರ್ತೀರಿ, ರವಿವಾರದೊಳಗ ಹೇಳ್ರಿ.