ಆಟದ ಹೊತ್ತನ್ನು ನಿರ್ಧರಿಸುವವರು ಯಾರು?



ರಾತ್ರಿಯ ಕ್ರಿಕೆಟ್ ಪಂದ್ಯವನ್ನು ಟಿ.ವಿ.ಯಲ್ಲಿ ನೋಡುವಾಗ ಆಟಗಾರರ ಕಾಲಬುಡವನ್ನು ಗಮನಿಸಿರಿ. ಒಬ್ಬೊಬ್ಬರಿಗೂ ಹಲವು ನೆರಳುಗಳು. ಮೈದಾನದ ಸುತ್ತಲಿನ ದೀಪಸ್ತಂಭಗಳ ಕೊಡುಗೆ. ಸ್ಟುಡಿಯೋದಲ್ಲಿ ವಾರ್ತೆ ಓದುವವರ ಮೇಲೆ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಬೆಳಕು ಬೀರಿ, ಒಂದು ದೀಪದ ನೆರಳನ್ನು ಮತ್ತೊಂದರಿಂದ ತಿಳಿಗೊಳಿಸುತ್ತಾರೆ. ಕ್ರೀಡಾಂಗಣದಲ್ಲಿಯೂ ಅದೇ ಉಪಾಯ. ನಮ್ಮ ಕಣ್ಣು ಮಂದಬೆಳಕಿಗೂ ಹೊಂದಿಕೊಳ್ಳುತ್ತದೆ. ಕ್ಯಾಮೆರಾ ಅಷ್ಟು ಸಹನಶೀಲವಲ್ಲ. ನೆಲ ಬೆಳಗಿದರೆ ಅದಕ್ಕೆ ಸಾಲದು, ಆಟಗಾರನ ಮುಖವೂ ಬೆಳಗಬೇಕು. ಹಳೆಯ ಬಗೆಯ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುವುದು ನಮಗೆ ಕಾಣದಿದ್ದರೂ ಸ್ಲೋ ಮೋಷನ್ ಚಿತ್ರದಲ್ಲಿ ಕಾಣುತ್ತದೆ. ಹೀಗೆ ಮೈದಾನವೇ ಸ್ಟುಡಿಯೋ ಆಗಿದೆ.

ಈ ಮಾರ್ಗವನ್ನು ತೆರೆದವರು ಆಸ್ಟ್ರೇಲಿಯದ ಚಾನೆಲ್ ನೈನ್ ಒಡೆಯ ಕೆರಿ ಪ್ಯಾಕರ್. ಪ್ರಸಾರದ ಹಕ್ಕು ದೊರೆಯದಿದ್ದಾಗ ಅವರು 1977ರಲ್ಲಿ ತಮ್ಮದೇ ಪಂದ್ಯಾವಳಿಯನ್ನು ನಡೆಸಿದರು. ದೀಪದ ಬೆಳಕಿಗೆಂದು ಬಿಳಿಯ ಚೆಂಡು ಬಂದಿತು; ಬಿಳಿಯ ಉಡುಪಿನೆದುರು ಅದು ಕಾಣದೆಂದು ಬಣ್ಣದ ಉಡುಪು ಬಂದಿತು. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 1996ರ ಮಾರ್ಚ್ 9ರಂದು ನಡೆದ ಭಾರತ-ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್ ಹಗಲಿನಲ್ಲಿ ಆರಂಭವಾಗಿ ದೀಪದ ಬೆಳಕಿನಲ್ಲಿ ಮುಗಿಯಿತು. 2008ರ ಏಪ್ರಿಲ್ 18ರ ರಾತ್ರಿ ಐಪಿಎಲ್‌ನ ಮೊದಲ ಪಂದ್ಯವೂ ಅಲ್ಲಿಯೇ ನಡೆಯಿತು.

ದೀಪಗಳನ್ನು ನಾನು ದೂಷಿಸುವುದಿಲ್ಲ. ಹಗಲೆಲ್ಲ ದುಡಿಯುವವರಿಗೆ ಆಟ ನೋಡುವ ಭಾಗ್ಯವನ್ನು ಕೊಟ್ಟದ್ದು ಅವೇ. ನನ್ನ ಆಕ್ಷೇಪವಿರುವುದು ಹೊತ್ತಿನ ಬಗ್ಗೆ. ಐಪಿಎಲ್‌ನ ಸಂಜೆಯ ಪಂದ್ಯಗಳು ಆರಂಭವಾಗುವುದು 7.30ಕ್ಕೆ, ಮುಗಿಯುವಾಗ 11 ಗಂಟೆ ದಾಟಿರುವುದುಂಟು. ಮನೆಮಂದಿಯೆಲ್ಲ ಟಿ.ವಿ.ಯ ಮುಂದಿರುವ ಹೊತ್ತೇ ಜಾಹೀರಾತಿಗೆ ಅತ್ಯಂತ ಬೆಲೆಯುಳ್ಳದ್ದು. ಆದರೆ ಆ ಬೆಲೆಯನ್ನು ತೆರುವವರು ಬೇರೆಯವರು. ಕ್ರೀಡಾಂಗಣದಿಂದ ಹೊರಬಂದವನು ಬಸ್ಸಿಗಾಗಿ ಪರದಾಡಬೇಕು. ಇಬ್ಬನಿ ಬಿದ್ದರೆ ಚೆಂಡು ಒದ್ದೆಯಾಗಿ ಬೌಲರನ ಕೈಯಿಂದ ಜಾರುತ್ತದೆ. ಎರಡನೆಯದಾಗಿ ಬೌಲ್ ಮಾಡುವ ತಂಡಕ್ಕೆ ಟಾಸ್ ಸೋತದ್ದೇ ಮುಳುವಾಗಬಹುದು. ಮಕ್ಕಳ ಪಾಡನ್ನಂತೂ ನಾನು ಬಲ್ಲೆ. ರಾತ್ರಿ ಪಂದ್ಯದ ಮರುದಿನ ಮೊದಲನೆಯ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚುಗಳು ತೂಕಡಿಸುತ್ತಿದ್ದುದನ್ನು ಇದನ್ನೋದುವ ಕೆಲವರು ಮರೆತಿರಲಾರಿರಿ!

ಪಂದ್ಯವನ್ನು ಒಂದು ಗಂಟೆ ಮೊದಲು ಆರಂಭಿಸಿದರೆ ಪ್ರಸಾರಕರ ಗಳಿಕೆ ಕೊಂಚ ಕುಗ್ಗಬಹುದು, ಆಟವೇನೂ ಕುಗ್ಗದು. ಅದಾಗುವವರೆಗೆ, ಈಗ ತಂದೆತಾಯಿಯರಾಗಿರುವ ನಿಮ್ಮಲ್ಲಿ ನನ್ನದೊಂದು ವಿನಂತಿ. ಶಾಲೆಯ ದಿನಗಳಲ್ಲಿ ಮೊದಲ ಇನ್ನಿಂಗ್ಸ್ ಮುಗಿದೊಡನೆ ಮಕ್ಕಳನ್ನು ಮಲಗಿಸಿರಿ. ಫಲಿತಾಂಶವನ್ನು ಬೆಳಿಗ್ಗೆ ಪತ್ರಿಕೆಯಲ್ಲಿ ಅವರೇ ಓದಿಕೊಳ್ಳಲಿ. ಕನ್ನಡ ಓದುವ ಅಭ್ಯಾಸವೂ ಆದೀತು.